ಟೆಸ್ಟ್ ಪಂದ್ಯಕ್ಕೆ ನಾಲ್ಕು ದಿನ ಸಾಕೇ?

ಟೆಸ್ಟ್ ಪಂದ್ಯವನ್ನು ನಾಲ್ಕು ದಿನಕ್ಕೆ ಇಳಿಸುವುದು, ಟಾಸ್ ಕೈಬಿಡುವುದು, ಗಾಯಗೊಂಡವರ ಬದಲಿಗೆ ಬೇರೊಬ್ಬರನ್ನು ಆಡಿಸುವುದು, ಈ ಸಲಹೆಗಳಲ್ಲಿ ಯಾವುದನ್ನು ಒಪ್ಪಬಹುದು ಎಂದು ನೀವು ಕೇಳಿದ್ದೀರಿ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ, ಕೊನೆಯದನ್ನು ಒಪ್ಪುತ್ತೇನೆ, ಟಾಸ್ ಬಗ್ಗೆ ನನಗೆ ಅಂಥ ಹಟವೇನೂ ಇಲ್ಲ. ನಾನು ಕೊಡಗಿನವನು, ಕ್ರಿಕೆಟ್‌ಗಿಂತ ಮೊದಲು ಹಾಕಿ ನೋಡಿ ಬೆಳೆದವನು. ನನ್ನ ಉತ್ತರದಲ್ಲಿ ಅದರ ಪ್ರಭಾವ ಇದ್ದೇ ಇರುತ್ತದೆ.

ಐದು ದಿನ ಎಂಬುದು ಶಿಲಾಶಾಸನವಲ್ಲ ಎನ್ನುವವರ ಮಾತು ನಿಜವೇ. 1939ರಲ್ಲಿ ಡರ್ಬನ್‌ನಲ್ಲಿ ನಡೆದ ಟೆಸ್ಟ್‌ಗೆ ಕಾಲಮಿತಿಯೇ ಇರಲಿಲ್ಲ. ಗೆಲುವಿಗೆ 696 ರನ್ ಬೇಕಿದ್ದ ಇಂಗ್ಲೆಂಡ್ 5 ವಿಕೆಟ್‌ಗೆ 654 ರನ್ ಗಳಿಸಿದ್ದಾಗ, ಊರಿಗೆ ಮರಳುವ ಹಡಗು ತಪ್ಪುತ್ತದೆಂದು ಪಂದ್ಯವನ್ನು ಅಲ್ಲಿಗೇ ಬಿಟ್ಟು ಹೊರಟಿತು. 2017ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಜಿಂಬಾಬ್ವೆ ನಾಲ್ಕು ದಿನದ ಟೆಸ್ಟ್ ಆಡಿದಾಗ ದಿನಕ್ಕೆ 90ರ ಬದಲು 98 ಓವರ್ ಎಂದೂ, ಫಾಲೋ ಆನ್ (ಹಿಂದೆ ಬಿದ್ದ ತಂಡವನ್ನು ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಸುವುದು) ಹೇರಲು 200ರ ಬದಲು 150 ರನ್ ಮುನ್ನಡೆ ಸಾಕೆಂದೂ ನಿಯಮ ಮಾಡಿದ್ದರು. ಆ ಪಂದ್ಯ ಎರಡೇ ದಿನಕ್ಕೆ ಮುಗಿದುಹೋದದ್ದರಿಂದ ಅದನ್ನು ಪ್ರಯೋಗ ಎನ್ನುವುದೂ ಕಷ್ಟ. ಲೆಕ್ಕ ಹಾಕಿದರೆ 450 ಓವರ್‌ಗಳ ಜಾಗದಲ್ಲಿ 392 ಉಳಿಯುತ್ತವೆ. ಅದೂ ಕಾಗದದ ಮೇಲೆ. ಅರ್ಧ ಗಂಟೆ ಹೆಚ್ಚುವರಿ ಕೊಟ್ಟರೂ 90 ಓವರ್ ಮುಗಿಸಲು ಒದ್ದಾಡುವ ತಂಡಗಳು 98 ಮುಗಿಸುತ್ತವೆಂದು ನಂಬುವುದು ಹೇಗೆ?

ಈ ಲೆಕ್ಕವನ್ನು 2001ರ ಮಾರ್ಚ್‌ನ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನ ಭಾರತ-ಆಸ್ಟ್ರೇಲಿಯಾ ಪಂದ್ಯಕ್ಕೆ ಹಚ್ಚಿ ನೋಡಿ. 274 ರನ್ ಹಿಂದೆ ಬಿದ್ದು ಫಾಲೋ ಆನ್‌ಗೆ ಒಳಗಾದ ಭಾರತ ಮೂರನೆಯ ದಿನದ ಕೊನೆಗೆ 4 ವಿಕೆಟ್‌ಗೆ 254ರಲ್ಲಿತ್ತು. ನಾಲ್ಕನೆಯ ದಿನ ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ಬೆಳಗಿನಿಂದ ಸಂಜೆಯವರೆಗೆ ಒಂದೂ ವಿಕೆಟ್ ಬೀಳದಂತೆ ಆಡಿ ಮೊತ್ತವನ್ನು 589ಕ್ಕೆ ಒಯ್ದರು. ನಾಲ್ಕು ದಿನದ ಪಂದ್ಯವಾಗಿದ್ದರೆ ಅಲ್ಲಿಗೆ ಎರಡೂ ತಂಡದವರು ಕೈಕುಲುಕಿ ಡ್ರಾ ಎಂದು ಹೊರಡುತ್ತಿದ್ದರು. ಐದನೆಯ ದಿನ ಇದ್ದುದರಿಂದಲೇ ನಾಯಕ ಗಂಗೂಲಿ ಇಷ್ಟು ರನ್ ಸಾಕೆಂದು ಡಿಕ್ಲೇರ್ ಮಾಡಿಕೊಳ್ಳಲು ಸಾಧ್ಯವಾಯಿತು. ಚಹಾ ವಿರಾಮದ ವೇಳೆಗೆ ಮೂರೇ ವಿಕೆಟ್ ಕಳೆದುಕೊಂಡಿದ್ದ ಆಸ್ಟ್ರೇಲಿಯಾ, ಸವೆದ ಪಿಚ್ಚಿನ ಮೇಲೆ ಹರ್ಭಜನ್ ಎಸೆತಗಳಿಗೆ ಉತ್ತರ ಕಾಣದೆ ಕೊನೆಯ ಅವಧಿಯಲ್ಲಿ ಏಳು ವಿಕೆಟ್ ಒಪ್ಪಿಸಿ 212ಕ್ಕೆ ಆಲೌಟ್ ಆಯಿತು.

ಮಳೆಯ ಮಾತೂ ಇದೆ, ಅದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2021ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಬ್ರಿಸ್ಬೇನ್ ಟೆಸ್ಟ್‌ನಲ್ಲಿ ಎರಡನೆಯ ದಿನದ ಕೊನೆಯ ಅವಧಿ ಪೂರ್ತಿ ಮಳೆಗೆ ಹೋಗಿತ್ತು. ನಮ್ಮಲ್ಲಿ ಅದು ರೋಬಸ್ಟಾ ಕೊಯ್ಲಿನ ಕಾಲ. ಕಣದಲ್ಲಿ ಕಾಫಿ ಹರವುತ್ತ, ಗೋಡೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ಐದನೆಯ ದಿನದ ಆಟ ನೋಡುತ್ತಿದ್ದವರು ಪಂತ್ ಗೆಲುವಿನ ಬೌಂಡರಿ ಹೊಡೆಯುವವರೆಗೆ ಊಟಕ್ಕೆ ಏಳಲಿಲ್ಲ.

ಹಾಕಿಯಲ್ಲಿ 35 ನಿಮಿಷದ ಎರಡು ಅವಧಿಗಳು ಹೋಗಿ 15 ನಿಮಿಷದ ನಾಲ್ಕು ಬಂದವು, ಆಟ ಕೆಡಲಿಲ್ಲವಲ್ಲ ಎಂದು ಇಲ್ಲಿನ ಗೆಳೆಯರೇ ನನ್ನನ್ನು ಕೆಣಕುತ್ತಾರೆ. ಆದರೆ ಹತ್ತು ನಿಮಿಷ ಕಡಿಮೆಯಾದರೆ ಟರ್ಫ್ ಬದಲಾಗುವುದಿಲ್ಲ. ಕ್ರಿಕೆಟ್‌ನಲ್ಲಿ ಕಾಲ ಕಳೆದಂತೆ ನೆಲವೇ ಬದಲಾಗುತ್ತದೆ, ಬಿರುಕು ಬಿಡುತ್ತದೆ, ಸ್ಪಿನ್ನರ್‌ಗಳಿಗೆ ಕೆಲಸ ಸಿಗುತ್ತದೆ. ನೆಲ ಬದಲಾದರೆ ಏನಾಗುತ್ತದೆಂದು ಹಾಕಿಯವರಿಗೆ ಚೆನ್ನಾಗಿ ಗೊತ್ತು: 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂದ ಮೇಲೆ, ಹುಲ್ಲಿನ ಮೈದಾನಕ್ಕೆಂದೇ ಪಳಗಿದ್ದ ನಮ್ಮವರ ಕೈಚಳಕದ ಬೆಲೆ ಇಳಿದುಹೋಯಿತು. ಹಾಗೆಂದು ಎಲ್ಲ ಬದಲಾವಣೆಗೂ ನಾನು ವಿರೋಧಿಯಲ್ಲ. ಎದುರಾಳಿ ರಕ್ಷಕರನ್ನು ದಾಟಿ ಮುಂದೆ ನಿಂತವರಿಗೆ ಚೆಂಡು ಕೊಡಬಾರದೆಂಬ ಆಫ್‌ಸೈಡ್ ನಿಯಮ ಹೋದದ್ದರಿಂದ ಹಾಕಿಗೆ ಒಳ್ಳೆಯದೇ ಆಯಿತು.

ಟೆಸ್ಟ್‌ನಲ್ಲಿ ಕತ್ತರಿ ಹಾಕಬೇಕಾದದ್ದು ಓವರ್‌ಗಳ ನಡುವಿನ ಖಾಲಿ ಸಮಯಕ್ಕೆ. 2025-27ರ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಆವೃತ್ತಿಯಿಂದ ಜಾರಿಗೆ ಬಂದಿರುವ ಗಡಿಯಾರದ ನಿಯಮ ಆ ಕೆಲಸ ಮಾಡುತ್ತದೆ: ಒಂದು ಓವರ್ ಮುಗಿದ 60 ಸೆಕೆಂಡಿನೊಳಗೆ ಮುಂದಿನದಕ್ಕೆ ಸಿದ್ಧರಾಗಬೇಕು, ಎರಡು ಎಚ್ಚರಿಕೆಯ ನಂತರವೂ ತಡಮಾಡಿದರೆ ಎದುರಾಳಿಗೆ 5 ರನ್. ಪ್ರತಿ 80 ಓವರ್‌ಗೆ ಎಚ್ಚರಿಕೆಗಳನ್ನು ಅಳಿಸಿಹಾಕುವುದು ಮಾತ್ರ ನನಗೆ ಅತಿ ಉದಾರವಾಗಿ ಕಾಣುತ್ತದೆ.

ಬದಲಿ ಆಟಗಾರನ ವಿಷಯಕ್ಕೆ ಬಂದರೆ, ತಲೆಗೆ ಪೆಟ್ಟಾದವರ ಜಾಗಕ್ಕೆ ಇನ್ನೊಬ್ಬರನ್ನು ಆಡಿಸಲು 2019ರಿಂದಲೇ ಅವಕಾಶವಿದೆ. 2025ರ ಭಾರತದ ಇಂಗ್ಲೆಂಡ್ ಪ್ರವಾಸದಲ್ಲಿ, ಮ್ಯಾಂಚೆಸ್ಟರ್‌ನಲ್ಲಿ ಪಂತ್ ಮುರಿದ ಪಾದದಲ್ಲಿ ಕುಂಟುತ್ತ ಬ್ಯಾಟಿಂಗ್‌ಗೆ ಬಂದರು, ಓವಲ್‌ನಲ್ಲಿ ಇಂಗ್ಲೆಂಡಿನ ವೋಕ್ಸ್ ಒಂದು ತೋಳನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ಕ್ರೀಸಿಗೆ ಇಳಿದರು. ಅದನ್ನು ಮೆಚ್ಚುವುದು ಸುಲಭ. ಆದರೆ ಹನ್ನೊಂದು ಜನರ ಆಟವನ್ನು ಹತ್ತು ಜನರ ಕೈಯಲ್ಲಿ ಆಡಿಸುವುದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ. ಬಿಸಿಸಿಐ 2025-26ರ ಋತುವಿನಲ್ಲಿ ದೇಶೀಯ ಬಹುದಿನ ಪಂದ್ಯಗಳಿಗೆ ತಂದಂತೆ, ಆಟದ ವೇಳೆಯೇ ಆದ ಮೂಳೆಮುರಿತ, ಆಳವಾದ ಗಾಯದಂಥ ಕಣ್ಣಿಗೆ ಕಾಣುವ ಪೆಟ್ಟಿಗೆ ಮಾತ್ರ ಬದಲಿಯನ್ನು ಕೊಡಲಿ. ಸ್ನಾಯುಸೆಳೆತವನ್ನೂ ಸೇರಿಸಿದರೆ ದಣಿದ ವೇಗದ ಬೌಲರ್‌ಗಳಿಗೆಲ್ಲ ನಾಲ್ಕನೆಯ ದಿನ ತೊಡೆನೋವು ಬರುವುದು ಖಂಡಿತ.

ಇನ್ನು ಟಾಸ್. ಆತಿಥೇಯರು ತಮಗೆ ಒಗ್ಗುವ ಪಿಚ್ ಮಾಡಿಕೊಂಡು ಟಾಸನ್ನೂ ಗೆಲ್ಲುವುದು ಅತಿಯಾಯಿತೆಂಬ ದೂರಿನ ಮೇಲೆ, 2018ರಲ್ಲಿ ಕುಂಬ್ಳೆ ನೇತೃತ್ವದ ಐಸಿಸಿ ಸಮಿತಿ ಇದನ್ನು ಚರ್ಚಿಸಿ ಟಾಸ್ ಇರಲಿ ಎಂದಿತು. ಮೊದಲು ಬ್ಯಾಟಿಂಗೋ ಬೌಲಿಂಗೋ ಎಂಬ ಆಯ್ಕೆಯನ್ನು ಪ್ರವಾಸಿ ತಂಡಕ್ಕೇ ಕೊಟ್ಟರೂ ನನ್ನ ಅಭ್ಯಂತರವಿಲ್ಲ.