ಯಾರೂ ಕೇಳದ ಸೆಮಿಸ್ಟರ್

ಸಿಂಧು (ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದೆ) ಬಿ.ಇ.ಯಲ್ಲಿ ಡಿಸ್ಟಿಂಕ್ಷನ್ ಪಡೆದವಳು. ಜರ್ಮನಿಗೆ ಮಾಸ್ಟರ್ಸ್ ಓದಲು ಹೋಗಿ ಮೊದಲ ಸೆಮಿಸ್ಟರ್ ಮುಗಿಸಿದ್ದಳು. ಮುಗಿಸಿದ್ದಳು ಅನ್ನುವುದಕ್ಕಿಂತ ಅದು ತಾನಾಗಿಯೇ ಮುಗಿದುಹೋಗಿತ್ತು. ಒಂದು ವಿಷಯ ಫೇಲು. ಒಂದರಲ್ಲಿ 2.7. ಇನ್ನೊಂದಕ್ಕೆ ಹೆಸರು ನೋಂದಾಯಿಸದೇ ಇದ್ದುದರಿಂದ ಪರೀಕ್ಷೆಗೆ ಕೂರಲೇ ಬಿಡಲಿಲ್ಲ. "ಮೇಡಂ, ನಾನು ದಡ್ಡಿ ಆಗಿಬಿಟ್ಟಿದ್ದೀನಿ. ಮನೇಲಿ ಎಲ್ಲಾ ಪಾಸು ಅಂತ ಹೇಳಿದ್ದೀನಿ" ಎಂದಳು, ಆಪ್ತಸಲಹೆಗೆಂದು ನನಗೆ ಮಾಡಿದ ವಿಡಿಯೊ ಕರೆಯಲ್ಲಿ.

ನಿದ್ದೆ, ಊಟ, ಸಾಯುವ ಯೋಚನೆ ಬಗ್ಗೆ ಮೊದಲೇ ನೇರವಾಗಿ ಕೇಳಿದೆ. ಇಂಥದ್ದನ್ನು ಸುತ್ತಿ ಬಳಸಿ ಕೇಳಬಾರದು. ಸಾಯುವ ಯೋಚನೆ ಇರಲಿಲ್ಲ. ನಿದ್ದೆ ಮಾತ್ರ ಪೂರ್ತಿ ಹಾಳಾಗಿತ್ತು.

ಅಕ್ಟೋಬರಿನಲ್ಲಿ ತರಗತಿ ಶುರುವಾದಾಗ ಆಕೆಗೆ ಹಾಯೆನಿಸಿತ್ತಂತೆ. ಲೆಕ್ಚರಿಗೆ ಹಾಜರಿ ಕರೆಯುವುದಿಲ್ಲ, ಇಂಟರ್ನಲ್ಸ್ ಇಲ್ಲ, ಅಭ್ಯಾಸದ ಲೆಕ್ಕ ಬಿಡಿಸದಿದ್ದರೂ ಯಾರೂ ಬೈಯುವುದಿಲ್ಲ. ಫೆಬ್ರವರಿಯಲ್ಲಿ ಒಂದೇ ಪರೀಕ್ಷೆ, ಇಡೀ ವಿಷಯದ ಗ್ರೇಡ್ ಅದರ ಮೇಲೆ. ನಮ್ಮ ಕಾಲೇಜುಗಳಲ್ಲಿ ಹಾಜರಿ, ಟೆಸ್ಟು, ಲ್ಯಾಬ್ ರೆಕಾರ್ಡು ಓದನ್ನು ಹಿಂದಿನಿಂದ ತಳ್ಳುತ್ತಾ ಇರುತ್ತವೆ. ಅವನ್ನು ಬೈದುಕೊಂಡೇ ಮುಂದೆ ಹೋಗಿರುತ್ತೇವೆ. ತಳ್ಳುವವರು ಇಲ್ಲವಾದಾಗ ಸಿಂಧು ನಿಂತುಬಿಟ್ಟಳು. ಯಾರೂ ಕೇಳುತ್ತಿಲ್ಲ ಅಂದರೆ ಎಲ್ಲ ಸರಿ ಇದೆ ಎಂದುಕೊಂಡಿದ್ದಳು. ಫೇಲಾದ ಮೇಲೆ, ಯಾರೂ ಕೇಳುತ್ತಿಲ್ಲ ಅಂದರೆ ತಾನು ಯಾರಿಗೂ ಬೇಡ ಎಂದುಕೊಂಡಳು. ಎರಡೂ ನಿಜವಲ್ಲ. ಅಲ್ಲಿ ಕೇಳುವ ಕೆಲಸ ವಿದ್ಯಾರ್ಥಿಯದು.

ಆ 2.7 ಕೂಡ ಅವಳನ್ನು ಕುಗ್ಗಿಸಿತ್ತು. ಅಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಗೊತ್ತಿದ್ದರೂ ಅವಳ ಮನಸ್ಸು ಅದನ್ನು 10ಕ್ಕೆ 2.7 ಎಂದೇ ಓದುತ್ತಿತ್ತು!

ಪುಸ್ತಕ ಮುಚ್ಚಿಟ್ಟು ಮೊದಲು ಕೋರ್ಸಿನ ಪರೀಕ್ಷಾ ನಿಯಮಾವಳಿ ಓದಿ ಅಂದೆ. ತರಗತಿಗೆ ಹೋದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ. ಅದಕ್ಕೆ ಬೇರೆ ನೋಂದಣಿ, ಅದಕ್ಕೊಂದು ಕೊನೆಯ ದಿನ. ಹೆಸರು ಹಿಂತೆಗೆಯಲೂ ಒಂದು ಕೊನೆಯ ದಿನ. ಹಿಂತೆಗೆಯದೆ ಸುಮ್ನೆ ಗೈರಾದರೆ ಸಾಮಾನ್ಯವಾಗಿ ಫೇಲು ಎಂದೇ ಲೆಕ್ಕ. ಹಲವು ಕಡೆ ಒಂದು ಪರೀಕ್ಷೆಗೆ 3 ಅವಕಾಶ ಮಾತ್ರ, ಅವು ಮುಗಿದರೆ ಕೋರ್ಸಿನಿಂದಲೇ ಹೊರಗೆ. ಸಿಂಧು ಹೆದರಿದಳು. ಇಷ್ಟು ಹೆದರಿಕೆ ಇರಬೇಕಾದ್ದೇ.

ಆಮೇಲೆ ಇಬ್ಬರೂ ಗಂಟೆ ಲೆಕ್ಕ ಹಾಕಿದೆವು. ಅಲ್ಲಿ 1 ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. 5 ಕ್ರೆಡಿಟ್ ವಿಷಯಕ್ಕೆ 125 ಗಂಟೆಯಾದರೂ ಬೇಕು. ಅವಳ ಟೈಮ್‌ಟೇಬಲ್‌ನಲ್ಲಿ ಅದಕ್ಕಿದ್ದ ತರಗತಿಗಳು ಅರ್ಧದಷ್ಟೂ ಆಗುತ್ತಿರಲಿಲ್ಲ. ಉಳಿದದ್ದು ಒಬ್ಬಳೇ ಕೂತು ಓದಬೇಕಾದ ಹೊತ್ತು. ಖಾಲಿ ಕಂಡ ಆ ಮಧ್ಯಾಹ್ನಗಳಿಗೆ ಪಾರ್ಟ್‌ಟೈಮ್ ಕೆಲಸ ತುಂಬಿಕೊಂಡಿದ್ದಳು. ಎರಡು ಮಧ್ಯಾಹ್ನ ಬಿಡಿಸಿಕೊಂಡಳು.

ತಿದ್ದಿದ ಉತ್ತರಪತ್ರಿಕೆ ನೋಡಲು ಅಲ್ಲಿ ಒಂದು ದಿನ ಗೊತ್ತು ಮಾಡುತ್ತಾರೆ. ನಾಚಿಕೆಯಿಂದ ಹೋಗುವುದಿಲ್ಲ ಅಂದಿದ್ದಳು. ಹೋಗಲೇಬೇಕು ಎಂದು ಒತ್ತಾಯಿಸಿದೆ, ಇಡೀ ಸಲಹೆಯಲ್ಲಿ ಇದೊಂದಕ್ಕೆ ಜಾಸ್ತಿ ಒತ್ತು ಕೊಟ್ಟೆ. ನೋಡಿದರೆ, ಕಾರಣ ಕೇಳಿದ ಕಡೆಯೆಲ್ಲ ಬಾಯಿಪಾಠದ ವ್ಯಾಖ್ಯೆ ಬರೆದಿದ್ದಳು. ದಡ್ಡತನದ ಮಾತು ಆಮೇಲೆ ಬರಲಿಲ್ಲ. ಪ್ರೊಫೆಸರ್ ಭೇಟಿಯ ವೇಳೆಗೆ ಮೊದಲೇ ಇಮೇಲ್ ಮಾಡಿ, ಒಂದೇ ಪ್ರಶ್ನೆ ಹಿಡಿದು ಹೋಗಿ ಅಂದೆ. ವಿಭಾಗದ ವಿದ್ಯಾರ್ಥಿ ಸಂಘದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೂ ಜೊತೆಗೆ ಓದುವವರೂ ಸಿಕ್ಕರು.

ಮನೆಯವರ ವಿಷಯದಲ್ಲಿ ಅವಸರ ಮಾಡಲಿಲ್ಲ. ಮೊದಲು ಅಣ್ಣನಿಗೆ ಹೇಳುತ್ತೇನೆ ಅಂದಳು. ಅಪ್ಪನಿಂದಲೇ ಶುರು ಮಾಡಬೇಕೆಂದೇನಿಲ್ಲ ಅಲ್ವಾ? ಅಣ್ಣ ಬೈದ, ಆಮೇಲೆ ಅವನೇ ಅಪ್ಪ ಅಮ್ಮನ ಜೊತೆ ಮಾತಾಡಿದ.

ಮುಂದಿನ ಸೆಮಿಸ್ಟರಿಗೆ ಕಡಿಮೆ ವಿಷಯ ತೆಗೆದುಕೊಂಡಳು. ಫೇಲಾದದ್ದು ಎರಡನೇ ಸಲ 3.3ರಲ್ಲಿ ಪಾಸಾಯಿತು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಯ ಆಪ್ತಸಲಹೆಗಾರರನ್ನೂ ಕಾಣಲು ಹೇಳಿದ್ದೇನೆ. ಅಲ್ಲಿನ ನಿಯಮ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.