ಹ್ಯೂಸ್ಟನ್ನಿನ ಗೋಡೆಯೊಳಗಿನ ಬೂಷ್ಟು: ಊರಿನ ತಮ್ಮನಿಗೆ ಉತ್ತರ

ತಮ್ಮಾ, ನೀನು ಕೇಳಿದ್ದು ಎರಡು ಪ್ರಶ್ನೆ. ಹ್ಯೂಸ್ಟನ್ನಿನಲ್ಲಿ ನೀನು ತೆಗೆದುಕೊಳ್ಳಬೇಕೆಂದಿರುವ ಹಳೇ ಮನೆಯ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ, ಎ.ಸಿ. ಕೂರಿಸಿದ ಕೋಣೆಯ ಗೋಡೆಯೊಳಗೆ ಮೋಲ್ಡ್ ಉಂಟು ಅಂತ ಬಂದಿದೆ. ತೆಗೆಯುವವರು ಸಾವಿರಗಟ್ಟಲೆ ಡಾಲರ್ ಕೇಳುತ್ತಿದ್ದಾರೆ. ಬೂಷ್ಟು ಒರೆಸಲಿಕ್ಕೆ ಇಷ್ಟು ದುಡ್ಡಾ, ಇದು ಮೋಸ ಅಲ್ವಾ ಎಂಬುದು ಒಂದು. ಅಮೆರಿಕದಲ್ಲಿ ಎಲ್ಲದಕ್ಕೂ ಹೀಗೇ ಹೆದರಿಸುತ್ತಾರಾ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ: ಹೌದು, ಹೆದರಿಸುತ್ತಾರೆ, ಕ್ರಮೇಣ ಅಭ್ಯಾಸ ಆಗುತ್ತದೆ. ಮೊದಲನೆಯದನ್ನು ಮಾತ್ರ ಮೋಸ ಅಂತ ಬದಿಗೆ ಹಾಕಬೇಡ.

ನಾನೀಗ ರಜೆಯಲ್ಲಿ ಬ್ರಹ್ಮಾವರದ ಮನೆಯಲ್ಲಿದ್ದೇನೆ. ಆಟಿಯ ಮಳೆ. ಕಪಾಟಿನೊಳಗಿನ ಬೆಲ್ಟು, ಚಪ್ಪಲಿ, ಅಪ್ಪನ ಹಳೇ ಚರ್ಮದ ಚೀಲ, ಎಲ್ಲದಕ್ಕೂ ಬಿಳೀ ಬೂಷ್ಟು. ಅಮ್ಮ ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಬಿಸಿಲು ಕಂಡರೆ ಜಗಲಿಗೆ ತಂದಿಡುತ್ತಾರೆ. ಅಲ್ಲಿಗೆ ಮುಗಿಯಿತು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಹ್ಯೂಸ್ಟನ್ನಿನಲ್ಲಿ 1,300ರ ಆಸುಪಾಸು. ಹಾಗಿದ್ದೂ ಗೋಡೆ ಒಡೆಯಬೇಕಾದ್ದು ಅಲ್ಲಿ. ನಮ್ಮ ಗೋಡೆ ಮುರಕಲ್ಲಿನದು, ಮೇಲೆ ಗಾರೆ, ಸುಣ್ಣ. ಅದರಲ್ಲಿ ಬೂಷ್ಟಿಗೆ ತಿನ್ನಲಿಕ್ಕೆ ಎಂತದೂ ಇಲ್ಲ, ಮೇಲೆ ಕೂತ ಧೂಳು, ಜಿಡ್ಡಿನಲ್ಲೇ ಬದುಕಬೇಕು. ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತದೆ, ಪಕ್ಕಾಸಿಗೆ ಗೇರೆಣ್ಣೆ ಬಳಿದಿರುತ್ತಾರೆ.

ಅಲ್ಲಿಯ ಮನೆ ಪೈನ್ ಮರದ ಚೌಕಟ್ಟು, ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಡ್ರೈವಾಲ್. ಡ್ರೈವಾಲ್ ಅಂದರೆ ಎರಡು ಕಾಗದದ ನಡುವೆ ಜಿಪ್ಸಮ್. ಮರ, ಕಾಗದ ಎರಡನ್ನೂ ಬೂಷ್ಟು ತಿನ್ನುತ್ತದೆ. ನಡುವಿನ ಸಂದಿಗೆ ಶಾಖ ತಡೆಯುವ ಇನ್ಸುಲೇಶನ್ ತುಂಬಿರುವುದರಿಂದ ಒಳಗೆ ಹೋದ ನೀರು ಬೇಗ ಆರುವುದಿಲ್ಲ. 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಬಂತು ಅಂತಲೇ ಲೆಕ್ಕ. ಎ.ಸಿ. ಕೋಣೆ ಎಂದಿದ್ದೀಯಲ್ಲ, ನನಗೆ ಅನುಮಾನ ಅದರ ನೀರು ಹೋಗುವ ಪೈಪಿನ ಮೇಲೆ. ಅದರಲ್ಲಿ ಲೋಳೆ ಕಟ್ಟಿ, ಕೆಳಗಿನ ತಟ್ಟೆ ತುಂಬಿ, ತಿಂಗಳುಗಟ್ಟಲೆ ಗೋಡೆಯ ಬುಡಕ್ಕೆ ಸೋರುವುದು ಆ ಊರಿನಲ್ಲಿ ಮಾಮೂಲು. ಮೊದಲು ಅದನ್ನು ಸರಿಮಾಡಿಸದೆ ಬೇರೆ ಎಂತ ಮಾಡಿದರೂ ದಂಡ.

ಬ್ಲೀಚ್ ಹಾಕಿ ಪೇಂಟ್ ಹೊಡೆದರೆ ಸಾಕು ಅಂತ ಮಾರುವವನು ಹೇಳುತ್ತಾನೆ ಅಂದೆಯಲ್ಲ. ಬ್ಲೀಚಿನ ಕ್ಲೋರಿನ್ ಮೇಲ್ಮೈಯಲ್ಲೇ ಉಳಿಯುತ್ತದೆ, ನೀರು ಮರದೊಳಗೆ ಇಳಿಯುತ್ತದೆ. ಕಪ್ಪು ಮಾಸಬಹುದು, ಬೇರು ಹಾಗೇ ಇರುತ್ತದೆ. ಸತ್ತ ಬೂಷ್ಟಿನಿಂದಲೂ ಅಲರ್ಜಿ, ಅಸ್ತಮಾ ಕೆರಳುತ್ತದೆ, ಹಾಗಾಗಿ ಅದನ್ನು ಕಿತ್ತು ಹೊರಗೆ ಹಾಕಲೇಬೇಕು. ಕಪ್ಪಗಿದ್ದರೆ ಮಾತ್ರ ವಿಷ ಎಂಬ ಮಾತಿಗೆ ಮಂಡೆಬಿಸಿ ಮಾಡಬೇಡ. ಬಣ್ಣ ನೋಡಿ ಅಪಾಯ ಹೇಳಲಿಕ್ಕಾಗುವುದಿಲ್ಲ, ಯಾವ ಬಣ್ಣದ್ದಾದರೂ ತೆಗೆಯಬೇಕು.

ಸರಿಯಾಗಿ ಕೆಲಸ ಮಾಡುವವರನ್ನು ನಾನು ಅಲ್ಲಿಯ ನಮ್ಮ ಮನೆಯಲ್ಲೇ ನೋಡಿದ್ದೇನೆ. ಮೊದಲು ಆ ಜಾಗವನ್ನು ನೆಲದಿಂದ ಸೀಲಿಂಗಿನವರೆಗೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರು. ಒಳಗಿನ ಗಾಳಿಯನ್ನು ಹೆಪಾ ಫಿಲ್ಟರಿನ ಮೂಲಕ ಎಳೆದು ಹೊರಗೆ ಬಿಡುವ ಯಂತ್ರ ಇಟ್ಟರು. 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಆ ಫಿಲ್ಟರಿನಲ್ಲೇ ನಿಲ್ಲುತ್ತವೆ. ಯಂತ್ರ ಓಡುವಾಗ ಪ್ಲಾಸ್ಟಿಕ್ಕಿನ ಪರದೆ ಒಳಮುಖವಾಗಿ ಎಳೆದುಕೊಂಡು ನಿಂತಿರಬೇಕು. ಸಡಿಲವಾಗಿ ಜೋತಾಡುತ್ತಿದ್ದರೆ ಅಥವಾ ಹೊರಗೆ ಉಬ್ಬಿದರೆ ಧೂಳೆಲ್ಲ ನಿನ್ನ ಅಡುಗೆಮನೆಗೆ ಬರುತ್ತದೆ, ಆಗಲೇ ಕೆಲಸ ನಿಲ್ಲಿಸಲು ಹೇಳು. ಒಳಗೆ ಡ್ರೈವಾಲನ್ನು ಕಲೆ ಕಂಡಲ್ಲಿಗೇ ಬಿಡದೆ ಇನ್ನೂ ಆಚೆಯವರೆಗೆ ಕತ್ತರಿಸಿದರು, ಇನ್ಸುಲೇಶನ್ ಸಮೇತ ಚೀಲದಲ್ಲಿ ಕಟ್ಟಿ ಸಾಗಿಸಿದರು. ಮರದ ಕಂಬಗಳನ್ನು ಮಾತ್ರ ತಂತಿಬ್ರಶ್ಶಿನಲ್ಲಿ ಉಜ್ಜಿ, ಮರಳುಕಾಗದ ಹಾಕಿ, ಹೆಪಾ ವ್ಯಾಕ್ಯೂಮಿನಲ್ಲಿ ಎಳೆದರು. ಅಟ್ಟದಂಥ ದೊಡ್ಡ ಜಾಗಕ್ಕಾದರೆ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಚಿಮ್ಮಿಸುವ ವಿಧಾನವೂ ಉಂಟು. ಮೈನಸ್ 78 ಡಿಗ್ರಿಯ ಆ ಹರಳುಗಳು ಬೂಷ್ಟನ್ನು ಕೆರೆದು ತಾವು ಆವಿಯಾಗಿ ಹೋಗುತ್ತವೆ. ಮೆತ್ತಗಾಗಿ ಉಗುರು ಇಳಿಯುವಂತಾದ ಮರವನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಕೊನೆಗೆ ಎರಡು ಮುಳ್ಳಿನ ಮೀಟರನ್ನು ಮರಕ್ಕೆ ಚುಚ್ಚಿ ತೇವ ನೋಡುತ್ತಾರೆ. 16 ಶೇಕಡಾಕ್ಕಿಂತ ಕೆಳಗೆ ಇಳಿಯುವವರೆಗೆ ಗೋಡೆ ಮುಚ್ಚಲು ಬಿಡಬೇಡ, ಅವರು ಎಷ್ಟೇ ಅವಸರ ಮಾಡಲಿ.

ಟೆಕ್ಸಾಸಿನಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕು. ಒಟ್ಟಿಗೆ ಹರಡಿದ ಬೂಷ್ಟು 25 ಚದರ ಅಡಿಗಿಂತ ಕಡಿಮೆ ಇದ್ದರೆ ವಿನಾಯಿತಿ ಉಂಟು. ಒಂದೇ ಕೆಲಸದಲ್ಲಿ ಪರೀಕ್ಷೆ ಮಾಡುವವನೂ ತೆಗೆಯುವವನೂ ಒಬ್ಬನೇ ಆಗುವ ಹಾಗಿಲ್ಲ. ನನಗೆ ಆ ಕಾನೂನಿನಲ್ಲಿ ಬಹಳ ಇಷ್ಟವಾದದ್ದು ಇದೇ, ನಮ್ಮಲ್ಲೂ ಎಷ್ಟೋ ಕಡೆ ಬೇಕಿತ್ತು. ಸಾವಿರಗಟ್ಟಲೆ ಹೇಳಿದವನೇ ಬಂದು ಪರೀಕ್ಷೆಯನ್ನೂ ಮಾಡಿದ್ದರೆ ಅವನನ್ನು ಬಿಡು. ಕೆಲಸ ಮುಗಿದ ಮೇಲೆ ಮೋಲ್ಡ್ ರೆಮಿಡಿಯೇಶನ್ ಸರ್ಟಿಫಿಕೇಟ್ ಕೊಡುತ್ತಾರೆ. ಮನೆ ಮಾರುವವನು ಹಿಂದಿನ 5 ವರ್ಷಗಳಲ್ಲಿ ಸಿಕ್ಕಿದ ಅಂಥ ಸರ್ಟಿಫಿಕೇಟುಗಳ ಪ್ರತಿಯನ್ನು ಕೊಳ್ಳುವವನಿಗೆ ಕೊಡಲೇಬೇಕು. ಈ ಮನೆಯದ್ದು ಉಂಟಾ ಅಂತ ಇವತ್ತೇ ಕೇಳು.

ನಿನ್ನ ಒಪ್ಪಂದದಲ್ಲಿ ಆಪ್ಷನ್ ಅವಧಿ ಎಷ್ಟು ದಿನ ಅಂತ ನೋಡು ಮಾರಾಯ. ಅದರೊಳಗೆ ಕಾರಣ ಹೇಳದೆಯೂ ಹಿಂದೆ ಸರಿಯಬಹುದು. ಆಪ್ಷನ್ ಶುಲ್ಕ ಮಾತ್ರ ಹೋಗುತ್ತದೆ, ಮುಂಗಡ ವಾಪಸು. ಆ ದಿನಗಳೊಳಗೆ ನೀನೇ ಒಬ್ಬ ಲೈಸೆನ್ಸ್ ಇರುವ, ಬೂಷ್ಟು ಪರೀಕ್ಷೆ ಮಾಡುವ ಅಸೆಸರ್‌ನನ್ನು ಕರೆಸಿ, ಅವನ ವರದಿ ಹಿಡಿದು ಖರ್ಚು ಮಾರುವವನೇ ಕೊಡಲಿ ಅಂತ ಕೇಳು. ಒಪ್ಪದಿದ್ದರೆ ಬೇರೆ ಮನೆ ನೋಡು, ಆ ಊರಿನಲ್ಲಿ ಮನೆಗೇನೂ ಬರ ಇಲ್ಲ.