1937ರ ಡಿಸ್ನಿ ಅನಿಮೇಷನ್ ಚಿತ್ರ ‘ಸ್ನೋ ವೈಟ್’ನ ಹಳೆಯ ವಸ್ತುಗಳನ್ನು ಕೂಡಿಸಬೇಕೆಂದಿದ್ದೇನೆ. ಮೊದಲು ಏನು ಕೊಳ್ಳಲಿ, ಅಸಲಿ ಎಂದು ಗುರುತಿಸುವುದು ಹೇಗೆ?

ಮೊದಲು ಕಾಗದದ ವಸ್ತುಗಳನ್ನು ಕೊಳ್ಳಿ, ಸೆಲ್ (ಚಿತ್ರೀಕರಣಕ್ಕಾಗಿ ಪಾತ್ರಗಳನ್ನು ಬಿಡಿಸುತ್ತಿದ್ದ ಪಾರದರ್ಶಕ ಹಾಳೆ) ಆಮೇಲೆ. ಕಾಗದದ ಮೇಲೆ ಕಾಲದ ಗುರುತುಗಳು ಅಚ್ಚಾಗಿರುತ್ತವೆ. ಅವನ್ನು ಓದಲು ಕಣ್ಣು ಪಳಗಿದ ಮೇಲೆ ಉಳಿದದ್ದು ಸುಲಭ.

ಈ ಚಿತ್ರ 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನ ಕಾರ್ಥೇ ಸರ್ಕಲ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಅಮೆರಿಕದ ಉಳಿದ ಕಡೆ ಬಿಡುಗಡೆಯಾದದ್ದು 1938ರ ಆರಂಭದಲ್ಲಿ. ಆಮೇಲೆ 1944, 1952, 1958, 1967, 1975, 1983, 1987, 1993ರಲ್ಲಿ ಮತ್ತೆ ಮತ್ತೆ ತೆರೆಗೆ ಬಂತು, ಪ್ರತಿ ಸಲವೂ ಹೊಸ ಪೋಸ್ಟರು ಅಚ್ಚಾಯಿತು. ‘ಮೂಲ ಪೋಸ್ಟರ್’ ಎಂದು ಮಾರಾಟಕ್ಕಿಡುವವುಗಳಲ್ಲಿ ಹೆಚ್ಚಿನವು ಈ ಮರುಬಿಡುಗಡೆಗಳವೇ. ಅವು ನಕಲಿಯಲ್ಲ, ಆದರೆ ಬೆಲೆ ಕಟ್ಟುವ ರೀತಿ ಪೂರ್ತಿ ಬೇರೆ. ಪೋಸ್ಟರಿನಲ್ಲಿ ವಿತರಕರ ಹೆಸರು ನೋಡಿ. ಆರ್‌ಕೆಒ ಎಂದಿದ್ದರೆ ಹಳೆಯ ಸುತ್ತಿನದು. ಬ್ಯೂನ ವಿಸ್ಟ ಎಂದಿದ್ದರೆ 1938ರದ್ದಾಗಲು ಸಾಧ್ಯವೇ ಇಲ್ಲ, ಏಕೆಂದರೆ ಡಿಸ್ನಿ ಆ ವಿತರಣಾ ಸಂಸ್ಥೆಯನ್ನು ಕಟ್ಟಿದ್ದೇ 1953ರಲ್ಲಿ. ಕೆಳಗಿನ ಅಂಚಿನಲ್ಲಿ ಆರ್ ಅಕ್ಷರದ ಜೊತೆ 58 ಅಥವಾ 67 ಎಂಬಂಥ ಅಂಕಿ ಕಂಡರೆ ಅದು ಮರುಬಿಡುಗಡೆಯ ವರ್ಷ. ಆ ಕಾಲದ ಅಮೆರಿಕದ ಸಾಮಾನ್ಯ ಪೋಸ್ಟರಿನ ಅಳತೆ 27×41 ಇಂಚು, ಚಿತ್ರಮಂದಿರದ ಲಾಬಿ ಕಾರ್ಡಿನದು 11×14 ಇಂಚು. ಪೋಸ್ಟರುಗಳನ್ನು ಮಡಚಿಯೇ ಕಳಿಸುತ್ತಿದ್ದರು. ಆದ್ದರಿಂದ ಮಡಿಕೆಯ ಗೆರೆ ಇದ್ದರೆ ಅದೇನೂ ದೋಷವಲ್ಲ, ಒಂದೂ ಮಡಿಕೆಯಿಲ್ಲದ ‘1938ರ ಪೋಸ್ಟರ್’ ಕಂಡರೆ ಎರಡು ಸಲ ಯೋಚಿಸಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಚಿಕ್ಕ ನೇರಳಾತೀತ ಟಾರ್ಚು, ಇವೆರಡೂ ಸದಾ ಜೇಬಿನಲ್ಲಿರಲಿ. ಹಳೆಯ ಪೋಸ್ಟರನ್ನು ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದ್ದರೆ, ಭೂತಗನ್ನಡಿಯಲ್ಲಿ ಮೂಲದಲ್ಲಿ ತುಂಬುಬಣ್ಣವಿದ್ದ ಅಕ್ಷರಗಳು ಕೂಡ ಚುಕ್ಕಿ ಚುಕ್ಕಿಯಾಗಿ ಒಡೆದು ಕಾಣುತ್ತವೆ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಸುಮಾರು 1950ರ ಹೊತ್ತಿಗೆ. ಕತ್ತಲಲ್ಲಿ ಟಾರ್ಚು ಹಾಕಿದಾಗ ಕಾಗದ ನೀಲಿ-ಬಿಳಿಯಾಗಿ ಮಿನುಗಿದರೆ 1938ರ ಮಾತು ಬಿಟ್ಟುಬಿಡಿ. ಮಿನುಗಲಿಲ್ಲ ಎಂದಮಾತ್ರಕ್ಕೆ ಹಳೆಯದು ಎಂದೂ ಅಲ್ಲ. ಖಾಲಿ ಉಳಿದಿದ್ದ ಹಳೆಯ ಕಾಗದದ ಮೇಲೆ ಹೊಸದಾಗಿ ಬರೆಯುವವರಿದ್ದಾರೆ.

ಹಾಡುಗಳ ಸ್ವರಲಿಪಿ ಹಾಳೆಗಳು ಹೊಸಬರಿಗೆ ತುಂಬ ಒಳ್ಳೆಯ ಆರಂಭ. ಮೊದಲ ಅಚ್ಚಿನಲ್ಲಿ ಪ್ರಕಾಶಕರ ಹೆಸರು ಅರ್ವಿಂಗ್ ಬರ್ಲಿನ್ ಎಂದಿರುತ್ತದೆ, ಬೋರ್ನ್ ಎಂದಿದ್ದರೆ ಮುಂದಿನ ಕಾಲದ ಮುದ್ರಣ. ಮಾರುವವರು ಇದನ್ನು ಗಮನಿಸದೆ ಎರಡನ್ನೂ ಒಂದೇ ಕಟ್ಟಿನಲ್ಲಿ ಇಡುವುದು ಸಾಮಾನ್ಯ.

ಆಟಿಕೆಗಳಲ್ಲಿ ಹಕ್ಕುಸ್ವಾಮ್ಯದ ಸಾಲೇ ಪಂಚಾಂಗ. ‘ವಾಲ್ಟ್ ಡಿಸ್ನಿ ಎಂಟರ್‌ಪ್ರೈಸಸ್’ ಎಂಬ ಗುರುತು 1938ರ ಆಸುಪಾಸಿಗೆ ನಿಲ್ಲುತ್ತದೆ. ಅಲ್ಲಿಂದ 1980ರ ದಶಕದ ನಡುವಿನ ತನಕ ‘ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್’. ಬರೀ ‘ಡಿಸ್ನಿ’ ಎಂದಷ್ಟೇ ಇದ್ದರೆ ಅದು ಈಚಿನದು. ಜಪಾನಿನಲ್ಲಿ ಮಾಡಿದ, ಹೊಳಪು ಹಚ್ಚದೆ ಸುಟ್ಟ ಪಿಂಗಾಣಿಯ, ಚಿತ್ರದ ಏಳು ಕುಳ್ಳರ ಗೊಂಬೆಗಳನ್ನು ನೀರಿನಲ್ಲಿ ತೊಳೆಯಲೇಬೇಡಿ. ಅವುಗಳ ಬಣ್ಣವನ್ನು ಸುಟ್ಟ ಮೇಲೆ ಬಳಿದಿರುತ್ತಾರೆ, ಒದ್ದೆ ಬಟ್ಟೆಗೇ ಎದ್ದು ಬರುತ್ತದೆ. ಮೆತ್ತನೆಯ ಒಣ ಕುಂಚ ಸಾಕು. ಏಳೂ ಕುಳ್ಳರನ್ನು ಸಾಲಾಗಿ ನಿಲ್ಲಿಸಿ ಎತ್ತರ, ಬೆನ್ನಿನ ಗುರುತು, ಬಣ್ಣದ ಛಾಯೆ ಹೋಲಿಸಿ. ಬೇರೆ ಬೇರೆ ಸೆಟ್ಟುಗಳಿಂದ ಜೋಡಿಸಿದ ಏಳು ಗೊಂಬೆಗಳು ಒಂದು ಸೆಟ್ಟಾಗುವುದಿಲ್ಲ.

ಈಗ ಸೆಲ್. ಪಾರದರ್ಶಕ ಹಾಳೆಯ ಮುಂಬದಿಯಲ್ಲಿ ಶಾಯಿಯ ಗೆರೆ, ಹಿಂಬದಿಯಲ್ಲಿ ಬಣ್ಣ. ಈ ಚಿತ್ರದ ಗೆರೆಗಳೆಲ್ಲ ಕೈಯಿಂದಲೇ ಎಳೆದವು, ಅದೂ ಬಣ್ಣಬಣ್ಣದ ಶಾಯಿಯಲ್ಲಿ. ಗೆರೆಯನ್ನು ಯಂತ್ರದಿಂದ ಸೆಲ್‌ಗೆ ಇಳಿಸುವ ಪದ್ಧತಿ ಡಿಸ್ನಿಯಲ್ಲಿ ನೆಲೆಯಾದದ್ದು 1961ರ ಹೊತ್ತಿಗೆ. ಹಾಗಾಗಿ ಒಂದೇ ಸಮನಾದ ಕಪ್ಪು ಗೆರೆ ಇದ್ದರೆ ಅದು ಚಿತ್ರೀಕರಣಕ್ಕೆ ಬಳಸಿದ ಸೆಲ್ ಅಲ್ಲ. ಪರದೆ ಮುದ್ರಣದ (ಸ್ಕ್ರೀನ್ ಪ್ರಿಂಟಿಂಗ್) ಅಲಂಕಾರಿಕ ಸೆಲ್‌ಗಳೂ ಸಿಗುತ್ತವೆ. ಅವುಗಳಲ್ಲಿ ಬಣ್ಣಕ್ಕೆ ಕುಂಚದ ದಪ್ಪವಿರುವುದಿಲ್ಲ, ಒಂದಿಷ್ಟೂ ಏರಿಳಿತವಿಲ್ಲದೆ ಚಪ್ಪಟೆಯಾಗಿರುತ್ತದೆ.

ಮಾರುಕಟ್ಟೆಗೆ ಬಂದ ಮೂಲ ಸೆಲ್‌ಗಳಲ್ಲಿ ಬಹುಪಾಲು 1938ರಿಂದ ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವಾಸಿಯೆ ಗ್ಯಾಲರಿಯ ಮೂಲಕ ಮಾರಾಟವಾದವು. ಪಾತ್ರದ ಅಂಚಿಗೆ ಸರಿಯಾಗಿ ಸೆಲ್ ಕತ್ತರಿಸಿ, ಮರದ ತೆಳುಪದರದ ಮೇಲೋ ಚುಕ್ಕಿ-ನಕ್ಷತ್ರದ ಕಾಗದದ ಮೇಲೋ ಅಂಟಿಸಿ, ಕಾಲಡಿ ಬಣ್ಣ ಸಿಂಪಡಿಸಿ ನೆರಳು ಮೂಡಿಸಿ, ಹಿಂದೆ ಚೀಟಿ ಹಚ್ಚುತ್ತಿದ್ದರು. ‘ಕತ್ತರಿಸಿದ್ದಾರೆ, ಹಿನ್ನೆಲೆ ಚಿತ್ರದ್ದಲ್ಲ’ ಎಂದು ಬೇಸರಪಡಬೇಡಿ, ಅದೇ ಅದರ ಅಸಲಿ ರೂಪ. ಚೀಟಿ, ಮೌಂಟು (ಚಿತ್ರದ ಸುತ್ತ ಹಾಕುವ ರಟ್ಟು), ಹಿಂಬದಿಯ ಬರಹ ಯಾವುದನ್ನೂ ಕೀಳಬೇಡಿ. ‘ಹೊಸ ಕಟ್ಟು (ಫ್ರೇಮು) ಹಾಕಿಸುವಾಗ ಹಳೆಯದನ್ನು ಎಸೆದೆವು’ ಎನ್ನುವಲ್ಲಿ ಅರ್ಧ ಸಾಕ್ಷ್ಯವೇ ಹೋಯಿತು.

ಇದರಲ್ಲಿ ನಿಜವಾದ ಕಷ್ಟ ರಸಾಯನದ್ದು. ಆ ಕಾಲದ ಸೆಲ್ ಸೆಲ್ಯುಲೋಸ್ ನೈಟ್ರೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ವಯಸ್ಸಾದಂತೆ ಅದು ಹಳದಿಯಾಗುತ್ತದೆ, ಕುಗ್ಗುತ್ತದೆ. ಅಂಟಿಸಿದ ಜಾಗ ಕದಲದೆ ಉಳಿದದ್ದು ಕುಗ್ಗಿದಾಗ ಅಲೆ ಅಲೆಯಾಗಿ ಸುಕ್ಕು ಏಳುತ್ತದೆ. ಇಸ್ತ್ರಿ ಮಾಡುವುದು, ಗಾಜಿನಡಿ ಅದುಮಿಡುವುದು ಎರಡೂ ಸೆಲ್ಲನ್ನು ಕೊಲ್ಲುತ್ತವೆ. ನೈಟ್ರೇಟ್ ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ. ಮುಂಬದಿಯ ಶಾಯಿ ಗಾಜಿಗೆ ಮೆತ್ತಿಕೊಂಡರೆ ಬಿಡಿಸುವಾಗ ಗೆರೆಯೇ ಕಿತ್ತು ಬರುತ್ತದೆ, ಆದ್ದರಿಂದ ನಡುವೆ ದಪ್ಪ ಮೌಂಟಿನ ಅಂತರ ಇರಲೇಬೇಕು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಂತೂ ಮುಚ್ಚಿಡಬೇಡಿ. ಕೊಳೆಯುವಾಗ ಹೊರಬರುವ ಅನಿಲ ತೇವದ ಜೊತೆ ಸೇರಿ ಆಮ್ಲವಾಗಿ, ಕೊಳೆತವನ್ನು ಇನ್ನೂ ಚುರುಕುಗೊಳಿಸುತ್ತದೆ. ಬಣ್ಣಕ್ಕೆ ಬಂಧಕ ಅಂಟುಗೋಂದು. ತೇವ ಕಡಿಮೆಯಾದರೆ ಬಿರಿದು ಉದುರುತ್ತದೆ, ಹೆಚ್ಚಾದರೆ ಜಿಗುಟಾಗುತ್ತದೆ. ಆರ್ದ್ರತೆ ಶೇ. 50ರ ಆಸುಪಾಸು, ತಾಪಮಾನ 20 ಡಿಗ್ರಿಗಿಂತ ಕೆಳಗೆ, ಅದಕ್ಕಿಂತ ಮುಖ್ಯವಾಗಿ ದಿನಕ್ಕೊಂದು ರೀತಿ ಬದಲಾಗದೆ ಒಂದೇ ಸಮ ಇರಬೇಕು. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿದರೂ ಬಿಸಿಲು ಬೀಳುವ ಗೋಡೆ ಬೇಡ. ಉದುರಿದ ಬಣ್ಣವನ್ನು ನೀವೇ ತುಂಬಲು ಹೋಗಬೇಡಿ, ಸೆಲ್ ಬಲ್ಲ ಸಂರಕ್ಷಕರಿಗೇ ಕೊಡಿ.

ಕೊಳ್ಳುವ ಮುನ್ನ ಕಟ್ಟು ಬಿಚ್ಚಿಸಿ, ಹಿಂಬದಿಯ ಫೋಟೊ ಕೇಳಿ, ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಇನ್ನೊಂದನ್ನೂ ಕೇಳಿ. ಎದುರಿನಿಂದ ಕಾಣದ ಸುಕ್ಕು, ಮೇಲೆದ್ದ ಬಣ್ಣ, ಆಮೇಲೆ ತುಂಬಿದ ತೇಪೆ ಅದರಲ್ಲಿ ಕಾಣುತ್ತವೆ. ಕೈಗೆ ಬಂದಾಗ ಮೂಸಿ ನೋಡಿ. ಮೂಗಿಗೆ ಚುಚ್ಚುವ ಘಾಟು ಇದ್ದರೆ ಕೊಳೆತ ಶುರುವಾಗಿದೆ ಎಂದರ್ಥ, ಅಂಥದ್ದನ್ನು ಬೇರೆ ಸೆಲ್‌ಗಳ ಪಕ್ಕದಲ್ಲಿ ಇಡಬೇಡಿ.